ನಾಲ್ಕಾಣೆ ಪಾಲಿನ ಹೋರಿ

1957ರಲ್ಲಿ ಸರಕಾರ ರೂಪಾಯಿಯನ್ನು ನೂರು ಪೈಸೆಗಳಾಗಿ ಒಡೆಯಿತು. ಅಕ್ಕಲಕೋಟ ಸೀಮೆಯ ರೈತ ಮಾತ್ರ ತನ್ನ ಪಾಲನ್ನು ಇಂದಿಗೂ ಹದಿನಾರಾಣೆಯ ಲೆಕ್ಕದಲ್ಲಿಯೇ ಎಣಿಸುತ್ತಾನೆ. ಬಾವಿಯಲ್ಲಿ ಎಂಟಾಣೆ ನೀರು, ಬದುವಿನ ಮಾವಿನ ಗಿಡದಲ್ಲಿ ಎರಡಾಣೆ ಕಾಯಿ; ಬೆಳೆ ಕೈಕೊಟ್ಟ ವರ್ಷ ಊರೆಲ್ಲ ಮಾತಾಡುವುದು ಆಣೇವಾರಿಯನ್ನು ಕುರಿತೇ. ಬೋರಿ ನದಿಯ ಆಣೆಕಟ್ಟಿನಿಂದ ಸುತ್ತಲಿನವರಿಗೆಲ್ಲ ಪರಿಚಿತವಾದ ಕುರನೂರಿನಲ್ಲಿ, ಕನ್ನಡ ಶಾಲೆಯಿಂದ ನಿವೃತ್ತರಾದ ಮಾಸ್ತರರೊಬ್ಬರಿಗೆ ಇದೇ ಲೆಕ್ಕದಲ್ಲಿ ಒಂದು ಶರ್ಯತ್ತಿನ ಹೋರಿಯ ನಾಲ್ಕಾಣೆ ಪಾಲು ಇತ್ತು. ಉಳಿದ ಹನ್ನೆರಡಾಣೆ ಮೂವರದು: ಒಬ್ಬರು ಕಿರಾಣಿ ಅಂಗಡಿಯವರು, ಒಬ್ಬರು ಲಾರಿ ನಡೆಸುವವರು, ಇನ್ನೊಬ್ಬರು ಕೊಟ್ಟಿಗೆಯುಳ್ಳ ಒಕ್ಕಲುತನದವರು. ನಾಲ್ವರಿಗೆ ನಾಲ್ಕು ಕಾಲು. "ಮಾಸ್ತರ, ನಿಮ್ಮ ಪಾಲಿಗೆ ಯಾವ ಕಾಲು ಬಂದೈತ್ರಿ?" ಎಂದು ಕಟ್ಟೆಯ ಮೇಲೆ ಕುಳಿತವರು ಕೇಳುವುದು, "ಕುಂಟೂದು ಯಾವುದೋ ಅದು ನಂದು" ಎಂದು ಇವರು ಉತ್ತರಿಸುವುದು ವರ್ಷಗಟ್ಟಲೆ ನಡೆಯಿತು.

ಹೋರಿ ಬಂದದ್ದು 2013ರ ಸಂಕ್ರಾಂತಿಯ ಸುಮಾರಿಗೆ. ಸೊಲ್ಲಾಪುರ ಜಿಲ್ಲೆಯಲ್ಲಿ ಅದು ಕಡುಬರದ ವರ್ಷ. ಮೇವಿಲ್ಲದೆ ದನಗಳು ಚಾರಾ ಛಾವಣಿ ಸೇರುತ್ತಿದ್ದವು. ಸಾಕಲಾರದವರು ಬಂದಷ್ಟಕ್ಕೆ ಮಾರುತ್ತಿದ್ದರು. ಮಂಗಳವೇಢೆಯ ಕಡೆಯಿಂದ ಬಂದ, ಇನ್ನೂ ಹಲ್ಲು ಹಾಕದ, ಒಂದೂವರೆ ವರ್ಷದ ಖಿಲಾರಿ ಕರುವೊಂದನ್ನು ನಾಲ್ವರು ಸೇರಿ 32,000 ರೂಪಾಯಿಗೆ ಕೊಂಡರು. ಮಳೆ ಚೆನ್ನಾಗಿದ್ದಿದ್ದರೆ ಅಂಥ ಕರು ಅವರ ಅಳವಿಗೆ ಸಿಕ್ಕುತ್ತಿರಲಿಲ್ಲ. ಒಬ್ಬ ರೈತನ ಸಂಕಟದಲ್ಲಿ ಇನ್ನೊಬ್ಬನ ಉಮೇದು ಹುಟ್ಟುವುದು ದನದ ಪೇಟೆಯ ಹಳೆಯ ಕ್ರಮ. ಅದನ್ನು ಮಾಸ್ತರರು ಎಂದೂ ಮುಚ್ಚಿಟ್ಟು ಮಾತಾಡಲಿಲ್ಲ.

ಖಿಲಾರಿ ತಳಿಯನ್ನು ಕುರಿತು ಗಡಿನಾಡಿನ ಕನ್ನಡಿಗರಿಗೆ ಒಂದು ಸಣ್ಣ ಹೆಮ್ಮೆ ಇದ್ದರೆ ತಪ್ಪಿಲ್ಲ. ಮಾಣದೇಶದ ಬಯಲಿನಲ್ಲಿ, ಆಟಪಾಡಿ, ಮ್ಹಸವಡ, ಸಾಂಗೋಲೆಗಳ ಸುತ್ತ ಬೆಳೆದ ಈ ದನವನ್ನು ತಳಿಶಾಸ್ತ್ರದವರು ಹಳ್ಳಿಕಾರ, ಅಮೃತಮಹಲುಗಳೊಡನೆ ಮೈಸೂರು ಬಗೆಯ ಗುಂಪಿಗೇ ಸೇರಿಸುತ್ತಾರೆ. ಹಿಂದಕ್ಕೆ ಬಾಗಿ ಮೇಲೇರುವ ನೀಳ ಕೊಂಬು, ಕಿರಿದಾದ ಮುಖ, ಬಿಗಿದ ಮೈ, ಗಟ್ಟಿ ಗೊರಸು, ಸಿಡುಕಿನ ಸ್ವಭಾವ. ಹಾಲಿಗೆ ಅಷ್ಟಕ್ಕಷ್ಟೆ. ನಡಿಗೆಗೆ ಮಾತ್ರ ಸರಿಸಾಟಿ ಕಡಿಮೆ.

ಪಾಲುಗಾರಿಕೆಯ ಕರಾರನ್ನು ಮಾಸ್ತರರು ಇನ್ನೂರು ಪುಟದ ವಹಿಯೊಂದರಲ್ಲಿ ಕನ್ನಡದಲ್ಲಿ ಬರೆದರು. ಮೇವಿನ ಖರ್ಚು ಸಮಪಾಲು. ಕಣಿಕೆ, ಹತ್ತಿಕಾಳು, ಹುರುಳಿ, ಗೋಧಿಹಿಟ್ಟಿನ ಉಂಡೆ, ಶರ್ಯತ್ತಿನ ಹಂಗಾಮಿನಲ್ಲಿ ಹಾಲು ಮತ್ತು ಮೊಟ್ಟೆ. (ಶಾಕಾಹಾರಿಗಳಾದ ಕಿರಾಣಿಯವರು ಮೊಟ್ಟೆಯ ಹಣವನ್ನು 'ಇತರೆ' ಎಂಬ ತಲೆಬರಹದಡಿ ಬರೆಸಿದರು.) ದನದ ಡಾಕ್ಟರ, ಲಾಳ, ಹಗ್ಗ, ಜೂಲು ಎಲ್ಲವೂ ಸಮಪಾಲು. ಕಟ್ಟಿಕೊಂಡು ಸಾಕುವ ದುಡಿಮೆ ಒಬ್ಬರದೇ ಆದುದರಿಂದ ಸೆಗಣಿ ಪೂರ್ತಿ ಕೊಟ್ಟಿಗೆಯವರದು. ಮೂವರು ಒಪ್ಪದೆ ಮಾರುವಂತಿಲ್ಲ. ಕೊನೆಯ ಕರಾರಿಗೆ ಮಾಸ್ತರರು ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದರು: ಮೊಳೆಯ ಬಾರುಕೋಲು, ಬ್ಯಾಟರಿಯ ಶಾಕು, ಬಾಲ ಕಚ್ಚುವುದು, ಇವುಗಳಲ್ಲಿ ಯಾವುದೊಂದು ನಡೆದರೂ ಅವರ ಪಾಲನ್ನು ಅಂದೇ ಬಿಡಿಸಿಕೊಡಬೇಕು.

ಮನೆಯಲ್ಲಿ ಅದನ್ನು ಬಸವ ಎಂದು ಕರೆದರು. ಮೈದಾನದ ಧ್ವನಿವರ್ಧಕಕ್ಕೆ ಬೇರೊಂದು ಹೆಸರು ಬೇಕಾಯಿತು. ಸರ್ಜಾ ಎಂದು ಬರೆಸಿದರು. ಮನೆಗೆ ಕನ್ನಡ, ಕಚೇರಿಗೆ ಮರಾಠಿ ಎಂಬ ಗಡಿಯ ರೂಢಿ ಹೋರಿಗೂ ತಪ್ಪಲಿಲ್ಲ.

ಶರ್ಯತ್ತಿನಲ್ಲಿ ಒಂಟಿ ಹೋರಿಯಿಂದ ಏನೂ ಆಗದು. ಹಗುರವಾದ ಚಕ್ಕಡಿಗೆ ಎರಡು ಬೇಕು. ಎರಡೂ ಒಂದೇ ಮನೆಯಲ್ಲಿ ಇರುವುದು ಅಪರೂಪ. ಆದ್ದರಿಂದ ಇವರ ಹೋರಿಯೊಡನೆ ಬೇರೆ ಊರಿನವರ ಹೋರಿ ಕೂಡಬೇಕು. ಮರಾಠಿಯಲ್ಲಿ ಇದಕ್ಕೆ ಪೈರಾ ಎನ್ನುತ್ತಾರೆ. ಬಿತ್ತನೆಯಲ್ಲಿ ಒಬ್ಬರಿಗೊಬ್ಬರು ಎತ್ತು ಕೊಟ್ಟುಕೊಳ್ಳುವ ಮುಯ್ಯಿಯ ಹೆಸರೇ ಓಟಕ್ಕೂ ಬಂದಿದೆ. ಒಂದು ಹೋರಿ ಬಲಕ್ಕೆ ಚೆನ್ನಾಗಿ ಓಡೀತು, ಎಡಕ್ಕೆ ಕಟ್ಟಿದರೆ ತಡವರಿಸೀತು. ಒಂದು ಮೊದಲ ನೂರು ಮಾರು ಬಾಣದಂತೆ ಹೋದರೆ ಇನ್ನೊಂದಕ್ಕೆ ಕೊನೆಯಲ್ಲಿ ಉಸಿರು. ಜೋಡಿ ಕೂಡಿಸುವ ಈ ಜಾಣತನದಲ್ಲಿಯೇ ಅರ್ಧ ಗೆಲುವು. ಬಹುಮಾನದಲ್ಲಿ ಅರ್ಧ ಜೊತೆಯ ಹೋರಿಯವರಿಗೆ, ಗಾಡಿ ಹೊಡೆದವನಿಗೆ ಒಂದಿಷ್ಟು. ಉಳಿದದ್ದನ್ನು ನಾಲ್ಕು ಮಾಡಿದರೆ ಕೈಗೆ ಬರುವುದು ಲಾರಿಯ ಡೀಸೆಲ್ಲಿಗೂ ಸಾಲದು. ಲಾಭಕ್ಕಾಗಿ ಹೋರಿಯಲ್ಲಿ ಪಾಲು ಹಾಕಿದವರು ಯಾರೂ ಇರಲಾರರು. ಪಾಲುದಾರನಿಗೆ ದೊರೆಯುವುದು, ಮೈದಾನದ ಆಚೆ ತುದಿಯಲ್ಲಿ ಎದ್ದ ಧೂಳಿನಲ್ಲಿ ತನ್ನ ಪ್ರಾಣಿಯ ಕೊಂಬು ಮೊದಲು ಕಾಣುವ ಗಳಿಗೆ.

ಎರಡು ಹಲ್ಲು ಹಾಕಿದ ಮೇಲೆ, 2014ರ ಆರಂಭದಲ್ಲಿ ಬಸವ ಎರಡು ಜಾತ್ರೆಗಳಲ್ಲಿ ಓಡಿತು. ಮೊದಲನೆಯದರಲ್ಲಿ ಗೆರೆ ಬಿಟ್ಟು ಜನರ ಕಡೆ ನುಗ್ಗಿತು. ಎರಡನೆಯದರಲ್ಲಿ ತನ್ನ ಗುಂಪಿಗೆ ಮುಂದಾಗಿ, ಕೊನೆಯ ಸುತ್ತಿನಲ್ಲಿ ಮೂರನೆಯದಾಯಿತು. ಹಲ್ಲುಗೂಡುವ ಮೊದಲೇ ಹೀಗೆ ಓಡಿದ ಹೋರಿಯನ್ನು ನೋಡಲು ಮುಂದಿನ ವಾರವೇ ಇಬ್ಬರು ಗಿರಾಕಿಗಳು ಬಂದರು. ನಾಲ್ವರೂ ಒಲ್ಲೆವೆಂದರು.

ಅದೇ ವರ್ಷ ಮೇ 7ರಂದು ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದಿತು. ತಮಿಳುನಾಡಿನ ಜಲ್ಲಿಕಟ್ಟಿನೊಡನೆ ಮಹಾರಾಷ್ಟ್ರದ ಎತ್ತಿನ ಗಾಡಿಯ ಶರ್ಯತ್ತೂ ನಿಂತಿತು. ಎತ್ತು ಭಾರ ಎಳೆಯುವ ಪ್ರಾಣಿ, ಅದರ ದೇಹರಚನೆ ಇಂಥ ಪ್ರದರ್ಶನಕ್ಕೆ ತಕ್ಕುದಲ್ಲ ಎಂಬುದು ನ್ಯಾಯಾಲಯ ಕೊಟ್ಟ ಕಾರಣಗಳಲ್ಲಿ ಒಂದು. ಮೈದಾನಗಳಲ್ಲಿ ನಡೆಯುತ್ತಿದ್ದ ಹಿಂಸೆಯನ್ನು ಕಣ್ಣಾರೆ ಕಂಡವರು ತೀರ್ಪನ್ನು ಪೂರ್ತಿ ತಳ್ಳಿಹಾಕಲಾರರು. ವಹಿಯಲ್ಲಿ ಕೆಂಪು ಗೆರೆ ಎಳೆಯಬೇಕಾಗಿ ಬಂದುದೇ ಅದಕ್ಕೆ ಸಾಕ್ಷಿ.

ಲಾರಿಯವರು ಸರಕು ಒಯ್ಯುತ್ತಿದ್ದುದು ಪುಣೆಗೆ. ಆ ಮಳೆಗಾಲ ಅಲ್ಲಿಯ ರೇಸ್‌ಕೋರ್ಸಿನಲ್ಲಿ ಕುದುರೆಗಳು ಎಂದಿನಂತೆ ಓಡುತ್ತಿದ್ದವು. ಅಲ್ಲಿಯೂ ಒಂದೊಂದು ಕುದುರೆಗೆ ನಾಲ್ಕೈದು ಜನ ಪಾಲುದಾರರಿರುತ್ತಾರೆ, ತಿಂಗಳ ಖರ್ಚನ್ನು ಪಾಲಿನಂತೆ ಕೊಡುತ್ತಾರೆ, ಗೆದ್ದಾಗ ಎಲ್ಲರೂ ಕುದುರೆಯ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ ಎಂದು ಅವರು ಬಂದು ಹೇಳಿದಾಗ ಮಾಸ್ತರರ ಕುತೂಹಲ ಕೆರಳಿತು. ತಮ್ಮ ವಹಿಯ ಕರಾರಿಗೂ ಅವರ ಕಾಗದಕ್ಕೂ ತತ್ತ್ವದಲ್ಲಿ ಭೇದವಿಲ್ಲ; ಅಲ್ಲಿ ಪಾಲುಗಳು ಟರ್ಫ್ ಕ್ಲಬ್ಬಿನಲ್ಲಿ ದಾಖಲಾಗುತ್ತವೆ, ಇಲ್ಲಿ ಕಿರಾಣಿ ಅಂಗಡಿಯ ಗಲ್ಲೆಯಲ್ಲಿ. ಕುದುರೆಯ ಮೇಲೆ ಹಣ ಕಟ್ಟುವುದು ಜೂಜಲ್ಲ, ಅದು ಕೌಶಲದ ಆಟ ಎಂದು ಮದರಾಸಿನ ರೇಸ್ ಕ್ಲಬ್ಬಿನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವೇ 1996ರಲ್ಲಿ ಹೇಳಿತ್ತು. ಕುದುರೆ ಓಟಕ್ಕೆ ಹುಟ್ಟಿದ್ದು, ಎತ್ತು ನೊಗಕ್ಕೆ ಹುಟ್ಟಿದ್ದು ಎಂಬ ಭೇದವನ್ನು ಒಪ್ಪಬಹುದೇನೊ. ಆದರೆ ಕುದುರೆಯ ಬೆನ್ನಿನ ಮೇಲೂ ಚಾಟಿ ಇದೆ. ಟಾಯ್ ಕಟ್ಟಿದವರ ಚಾಟಿಗೆ ನಿಯಮ, ಪಟಗ ಸುತ್ತಿದವರ ಚಾಟಿಗೆ ನಿಷೇಧ ಎಂದು ಹಳ್ಳಿಯವನು ಕೊಂಕು ನುಡಿದರೆ ಉತ್ತರ ಕೊಡುವುದು ಸುಲಭವಲ್ಲ.

ಮಾಸ್ತರರನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ. ಮುಂಬಯಿಯ ಮಹಾಲಕ್ಷ್ಮಿಯಲ್ಲಿ 1943ರಿಂದ ನಡೆದು ಬಂದಿರುವ ಇಂಡಿಯನ್ ಡರ್ಬಿಯಲ್ಲಿ ನಾಲ್ಕು ವರ್ಷದ ಕುದುರೆಗಳಿಗೆ ಮಾತ್ರ ಪ್ರವೇಶ. ಎಲ್ಲ ಕುದುರೆಗಳ ವಯಸ್ಸನ್ನೂ ಜನವರಿ 1ರಿಂದ ಎಣಿಸುತ್ತಾರೆ. ನಾಲ್ಕನೆಯ ವರ್ಷದ ಆ ಒಂದು ದಿನ ಕಾಲು ನೊಂದಿದ್ದರೆ, ಕೆಮ್ಮು ಹಿಡಿದಿದ್ದರೆ, ಮರುವರ್ಷ ಅದಕ್ಕೆ ಬಾಗಿಲು ಮುಚ್ಚಿತು. ಇದನ್ನು ತಿಳಿದ ದಿನ ಅವರು ವಹಿಯ ಹಿಂಬದಿಯಲ್ಲಿ ಬಸವನ ವಯಸ್ಸಿನ ಪಟ್ಟಿ ಹಾಕಿದರು. ಖಿಲಾರಿ ಹೋರಿ ಐದರ ಸುಮಾರಿಗೆ ಬಾಯಿಗೂಡುತ್ತದೆ; ಓಟದ ಒಳ್ಳೆಯ ಕಾಲ ಅಲ್ಲಿಂದ ಮೂರು, ನಾಲ್ಕು ವರ್ಷ. ಅಂದರೆ 2016ರಿಂದ 2020.

ಆ ಪಟ್ಟಿಯ ಪಕ್ಕದಲ್ಲಿಯೇ ಅವರು ಕಾನೂನಿನ ದಿನಾಂಕಗಳನ್ನೂ ಬರೆಯುತ್ತ ಹೋದರು. 2015ರಲ್ಲಿ ಮಹಾರಾಷ್ಟ್ರದಲ್ಲಿ ಎತ್ತು, ಹೋರಿಗಳ ವಧೆಯನ್ನು ನಿಷೇಧಿಸುವ ಕಾನೂನು ಬಂದಿತು. ದುಡಿಯದ ಎತ್ತನ್ನು ಕೊಳ್ಳುವವರೇ ಇಲ್ಲದಾದರು. 2016ರ ಜನವರಿಯಲ್ಲಿ ಕೇಂದ್ರ ಸರಕಾರ ಓಟಕ್ಕೆ ಸಮ್ಮತಿಸಿ ಅಧಿಸೂಚನೆ ಹೊರಡಿಸಿತು. ವಾರ ಕಳೆಯುವುದರೊಳಗೆ ಸರ್ವೋಚ್ಚ ನ್ಯಾಯಾಲಯ ಅದನ್ನು ತಡೆಯಿತು. 2017ರಲ್ಲಿ ಮಹಾರಾಷ್ಟ್ರ ತನ್ನ ತಿದ್ದುಪಡಿಯನ್ನು ತಂದಿತು. ಮುಂಬಯಿ ಉಚ್ಚ ನ್ಯಾಯಾಲಯ ತಡೆಯಿತು. ಹೋರಿ ಇತ್ತ ನಾಲ್ಕು ಹಲ್ಲಾಗಿ, ಆರು ಹಲ್ಲಾಗಿ, ಬಾಯಿಗೂಡಿ, ನೋಡಿದವರು ನಿಂತು ನೋಡುವಂತೆ ಬೆಳೆಯಿತು. ನಸುಕಿನಲ್ಲಿ ಕೊಟ್ಟಿಗೆಯವರು ಅದನ್ನು ಬೋರಿಯ ದಂಡೆಯ ಗುಂಟ ಓಡಿಸಿ ತರುತ್ತಿದ್ದರು. ಕಾರಹುಣ್ಣಿಮೆಯ ಕರಿ ಹರಿಯುವಾಗ ಅಗಸಿಯ ಮುಂದೆ ಎಷ್ಟು ದೂರವೋ ಅಷ್ಟೇ ಅದರ ಓಟ. ಬಿಳಿಯ ಎತ್ತು ಮುಂದಾದರೆ ಬಿಳಿಯ ಬೆಳೆ ಎಂಬ ನಂಬಿಕೆಯಂತೆ ಹಿಂಗಾರಿನ ಜೋಳದ ಭವಿಷ್ಯ ಹೇಳಿ ಅದು ಮತ್ತೆ ಗೂಟಕ್ಕೆ ಬರುತ್ತಿತ್ತು.

ಕಿರಾಣಿಯವರಿಗೆ ಸಾಕಾಯಿತು. ಅವರ ಮಗಳ ಮದುವೆ ಬಂದಿತ್ತು. ಓಡದ ಹೋರಿಗೆ ತಿಂಗಳು ತಿಂಗಳು ಹಣ ಸುರಿಯುವುದನ್ನು ಮನೆಯವರಿಗೆ ವಿವರಿಸಲು ಅವರ ಬಳಿ ಮಾತು ಉಳಿದಿರಲಿಲ್ಲ. ತಮ್ಮ ನಾಲ್ಕಾಣೆಯನ್ನು ಯಾರಾದರೂ ಕೊಳ್ಳಿರಿ ಎಂದರು. ಊರಿನಲ್ಲಿ ಯಾರೂ ಮುಂದೆ ಬರಲಿಲ್ಲ.

ಆಗ ನೆರವಿಗೆ ಬಂದದ್ದು ಗಡಿ. ಕಂಬಳವನ್ನು ಉಳಿಸಲೆಂದು ಕರ್ನಾಟಕ ಸರಕಾರ ತಂದ ತಿದ್ದುಪಡಿಗೆ 2018ರ ಫೆಬ್ರುವರಿಯಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ಕರಾವಳಿಯ ಕೋಣಗಳೊಡನೆ ಎತ್ತಿನ ಓಟ, ಎತ್ತಿನ ಗಾಡಿಯ ಓಟಗಳ ಹೆಸರೂ ಅದರಲ್ಲಿತ್ತು. ಕುರನೂರಿನಲ್ಲಿ ಅಪರಾಧವಾದದ್ದು ಗಡಿ ದಾಟಿದರೆ ಅಪರಾಧವಲ್ಲ ಎಂದಾಯಿತು. ಅಫಜಲಪುರ ತಾಲೂಕಿನಲ್ಲಿ ಲಾರಿಯವರ ಬೀಗರಿದ್ದರು. ಕಿರಾಣಿಯವರ ನಾಲ್ಕಾಣೆಯನ್ನು ಅವರು ಕೊಂಡರು. ಆದರೆ ಒಂದು ಕರಾರಿನ ಮೇಲೆ: ಹೋರಿ ಅವರ ಕೊಟ್ಟಿಗೆಯಲ್ಲಿಯೇ ಇರಬೇಕು, ಚೀಟಿಯಲ್ಲಿ ಅವರ ಊರಿನ ಹೆಸರೇ ಬರಬೇಕು. ಸೆಗಣಿಯ ಹಕ್ಕೂ ಅದರ ಹಿಂದೆಯೇ ಹೋಯಿತು. ಐದು ವರ್ಷ ಸಾಕಿದ ಕೊಟ್ಟಿಗೆಯವರು ಅಂದು ಯಾರೊಡನೆಯೂ ಮಾತಾಡಲಿಲ್ಲ. ಅವರ ಮನೆಯವರು ಬಸವನ ಹಣೆಗೆ ಕುಂಕುಮವಿಟ್ಟು, ಕಾಲಿಗೆ ನೀರು ಹಾಕಿ ಕಳಿಸಿದರು.

2019ರ ಬೇಸಿಗೆಯಲ್ಲಿ ಭೀಮೆಯ ಸೀಮೆಯ ಜಾತ್ರೆಯೊಂದರಲ್ಲಿ ಬಸವ ಮೊದಲನೆಯದಾಗಿ ಬಂದಿತು. ಮಾಸ್ತರರು ಬಸ್ಸು ಹಿಡಿದು ನೋಡಲು ಹೋಗಿದ್ದರು. ಧ್ವನಿವರ್ಧಕ ಕನ್ನಡದಲ್ಲಿತ್ತು. ತಮ್ಮ ಹೋರಿಯ ಗೆಲುವನ್ನು ತಮ್ಮ ನುಡಿಯಲ್ಲಿ ಕೇಳಬೇಕೆಂಬುದು ಅವರ ಬಹುದಿನದ ಬಯಕೆ. ಅದು ಈಡೇರಿದ ದಿನ ಕೂಗಿದ ಊರು ಕುರನೂರು ಆಗಿರಲಿಲ್ಲ. ಸುತ್ತ ನಿಂತವರು ಕುಣಿಯುವಾಗ, "ಎಲ್ಲಿಂದ ಬಂದೀರಿ ಕಾಕಾ?" ಎಂದು ಹುಡುಗನೊಬ್ಬ ಕೇಳಿದ. "ಮಹಾರಾಷ್ಟ್ರದಿಂದ" ಎಂದರು. "ಹಂಗಾದ್ರ ಕನ್ನಡ ಛಲೋ ಮಾತಾಡ್ತೀರಿ" ಎಂದು ಆತ ಮೆಚ್ಚಿದ. ಆ ಮಾತನ್ನು ಮಾಸ್ತರರು ಊರಿಗೆ ಬಂದು ನಗುತ್ತಲೇ ಹೇಳಿದರು. ಆದರೆ ಬಹುಮಾನದ ಹಣದಲ್ಲಿ ತಮ್ಮ ಪಾಲಿಗೆ ಬಂದ 1,100 ರೂಪಾಯಿಯನ್ನು ಮೂರು ದಿನ ವಹಿಯಲ್ಲಿ ಜಮಾ ಮಾಡಿರಲಿಲ್ಲ.

ಇನ್ನೊಂದು ಹಂಗಾಮು ಓಡಿಸುವ ಯೋಚನೆ ಇತ್ತು. 2020ರ ಮಾರ್ಚಿನಲ್ಲಿ ರೋಗ ಬಂದು ಜಾತ್ರೆಗಳೆಲ್ಲ ನಿಂತವು. ಮಾರನೆಯ ವರ್ಷವೂ ಹಾಗೆಯೇ. ಮಹಾರಾಷ್ಟ್ರದಲ್ಲಿ ಶರ್ಯತ್ತು ನಡೆಸಲು ಸರ್ವೋಚ್ಚ ನ್ಯಾಯಾಲಯ ಅನುಮತಿ ಕೊಟ್ಟದ್ದು 2021ರ ಡಿಸೆಂಬರ 16ರಂದು. ಊರಲ್ಲಿ ಗುಲಾಲು ಹಾರಿತು. ಬಸವನಿಗೆ ಆಗ ಹತ್ತೂವರೆ ವರ್ಷ. ಬಲ ಮೊಣಕಾಲಿನಲ್ಲಿ ಬಾವು. ಓಡದ ಹೋರಿಯನ್ನು ಇಟ್ಟುಕೊಳ್ಳಲು ಬೀಗರಿಗೆ ಮನಸ್ಸಿರಲಿಲ್ಲ. ತಮ್ಮ ನಾಲ್ಕಾಣೆಯನ್ನು ಬಿಟ್ಟುಕೊಟ್ಟು ಟೆಂಪೋದಲ್ಲಿ ಹಿಂದಕ್ಕೆ ಕಳಿಸಿದರು. ಟೆಂಪೋದ ಬಾಡಿಗೆ ಯಾರು ಕೊಡಬೇಕು ಎಂಬುದು ಕರಾರಿನಲ್ಲಿ ಇರಲಿಲ್ಲ. ಕೊಟ್ಟಿಗೆಯವರೇ ಕೊಟ್ಟರು, ಯಾರಿಗೂ ಹೇಳದೆ.

2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಮೂರೂ ರಾಜ್ಯಗಳ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಈಗ ದೊಡ್ಡ ಮೈದಾನಗಳಲ್ಲಿ ಬೈಕು, ಜೀಪುಗಳೇ ಬಹುಮಾನ. ಹೆಸರಾದ ಹೋರಿಗಳ ಬೆಲೆ ಲಕ್ಷಗಳಲ್ಲಿ. ಒಂದೂವರೆ ವರ್ಷದ ಕರು 32,000ಕ್ಕೆ ಸಿಕ್ಕಿತ್ತೆಂದರೆ ಹುಡುಗರು ನಂಬುವುದಿಲ್ಲ. ವಹಿಯ ಕೊನೆಯ ಪುಟದಲ್ಲಿ ಮಾಸ್ತರರು ಒಟ್ಟು ಲೆಕ್ಕ ಕೂಡಿಸಿದ್ದಾರೆ. ಜಮಾ ಐದಂಕಿಗೂ ಮುಟ್ಟಿಲ್ಲ. ಖರ್ಚಿನ ಮೊತ್ತವನ್ನು ಪೆನ್ಸಿಲಿನಲ್ಲಿ ಬರೆದು ಅಳಿಸಿದ ಗುರುತಿದೆ.

ಅವರ ಮೊಮ್ಮಗ ಎಂಟು ಜನ ಗೆಳೆಯರನ್ನು ಕೂಡಿಸಿದ್ದಾನೆ, ತಲೆಗೆ ಎರಡಾಣೆ. ಲೆಕ್ಕ ಮೊಬೈಲಿನಲ್ಲಿ, ಇಬ್ಬರು ಪುಣೆಯಲ್ಲಿ ನೌಕರಿ ಮಾಡುವವರು, ಹಣ ಫೋನಿನಲ್ಲಿಯೇ ಬರುತ್ತದೆ. ಕರುವನ್ನು ಯಾರ ಕೊಟ್ಟಿಗೆಯಲ್ಲಿ ಕಟ್ಟುವುದೆಂದು ಕೇಳಲು ಅವನು ಕೊಟ್ಟಿಗೆಯವರ ಬಳಿ ಹೋದ. ಬಸವನ ಪಕ್ಕದ ಗೂಟ ಖಾಲಿಯೇ ಇತ್ತು. "ಕಟ್ಟರಿ. ಸೆಗಣಿ ಮಾತ್ರ ನಂದು. ಅಜ್ಜಗ ಹೇಳಿ ಮೊದಲ ಬರಸ್ಕೊಂಡು ಬಾ" ಎಂದರು ಅವರು.