ನೂರತೊಂಬತ್ತು ಕುದುರೆ ಎಲ್ಲಿ ಕಟ್ಟಿದ್ದಾರೆ ಗುರೂ?

೨೦೦೪ರಲ್ಲಿ ‘ಧೂಮ್’ ಬಿಡುಗಡೆ ಆದಾಗ ನಾನು ಚಡ್ಡಿ ಹುಡುಗ. ಆಮೇಲೆ ಯಾವಾಗಲೋ ಪಕ್ಕದ ಮನೆ ಟೀವಿಯಲ್ಲಿ ನೋಡಿದ್ದು. ಕಥೆ ಅರ್ಧ ಮರೆತಿದೆ, ಹೀರೋಯಿನ್ ಮುಖ ಪೂರ್ತಿ ಮರೆತಿದೆ, ಆದರೆ ಜಾನ್ ಅಬ್ರಹಾಂ ಏರಿ ಬಂದ ಸುಜುಕಿ ಹಯಬುಸದ ಮೂತಿ ಇವತ್ತಿಗೂ ಕಣ್ಣಿಗೆ ಕಟ್ಟಿದೆ! ಅಲ್ಲಿಂದ ಮುಂದೆ ನಮ್ಮ ಬಸ್ ಸ್ಟ್ಯಾಂಡ್ ಕಟ್ಟೆಯ ಹುಡುಗರಿಗೆಲ್ಲ ಒಂದೇ ಜಪ. ಯಾವ ಬೈಕ್ ಹೆಸರು ಎತ್ತಿದರೂ ಮೊದಲ ಪ್ರಶ್ನೆ, “ಎಷ್ಟು ಹೆಚ್.ಪಿ. ಗುರೂ?”

ಅದೇ ೧೯೭೫ರ ‘ಶೋಲೆ’ ತಗೊಳ್ಳಿ. ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ಚಿತ್ರ. ಜೈ, ವೀರು ಹಾಡಿಕೊಂಡು ಹೋಗುವ ಸೈಡ್‌ಕಾರ್ ಗಾಡಿ ಯುದ್ಧಕಾಲದ ಬಿ.ಎಸ್.ಎ. ಐನೂರು ಸಿ.ಸಿ. ಇಂಜಿನ್ನು, ಶಕ್ತಿ ಮಾತ್ರ ೧೩ ಕುದುರೆ. ಇವತ್ತು ಆಫೀಸಿಗೆ ಹೋಗೋ ೧೫೦ ಸಿ.ಸಿ. ಬೈಕಿಗೂ ಅಷ್ಟಿರುತ್ತೆ. ಆದರೂ ಇಬ್ಬರು ಆಜಾನುಬಾಹು ಹೀರೋಗಳನ್ನೂ ಸೈಡ್‌ಕಾರನ್ನೂ ಹೊತ್ತು ಅದು ನಡೀತಲ್ಲ ಸ್ವಾಮಿ! ಹೇಗೆ?

ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ನನ್ನ ತಮ್ಮನಿಂದ. ಹಾಸನದಲ್ಲಿ ಮೊಬೈಲ್ ಅಂಗಡಿಯಲ್ಲಿ ಕೆಲಸ. ಈಗ ಯಾರದೋ ಸೆಕೆಂಡ್‌ಹ್ಯಾಂಡ್ ಬೈಕು ನೋಡಿಟ್ಟಿದ್ದಾನೆ. ೬೫೦ ಸಿ.ಸಿ., ನಾಲ್ಕು ಸಿಲಿಂಡರು, ತೊಂಬತ್ತರ ಹತ್ತಿರ ಕುದುರೆ. ದುಡ್ಡಿಗೆ ದಾರಿ? ಅವ್ವನ ಎರಡೆಳೆ ಸರ ಗಿರವಿ ಇಟ್ಟು, ಉಳಿದದ್ದಕ್ಕೆ ಸಾಲ. “ಅಣ್ಣಾ, ನಿನ್ನ ಯೆಜ್ಡಿ ೧೬ ಹೆಚ್.ಪಿ., ಇದು ೯೦! ಲೆಕ್ಕ ಹಾಕು,” ಅಂದ. ಸರಿ, ಲೆಕ್ಕ ಹಾಕೋಣ ಅಂತ ನಾನೂ ಕೂತೆ. ಪಿ.ಯು.ಸಿ. ಅರ್ಧಕ್ಕೇ ಬಿಟ್ಟವನು ನಾನು. ಫಿಸಿಕ್ಸು ಕಲಿತದ್ದೆಲ್ಲ ಗ್ಯಾರೇಜಿನ ಮರದ ಸ್ಟೂಲಿನ ಮೇಲೆ.

೭೫ ಕಿಲೋ ತೂಕವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತಿದರೆ ಅದು ಒಂದು ಕುದುರೆಯ ಶಕ್ತಿ. ಇಷ್ಟೇ. ಆದರೆ ಇಂಜಿನ್ನಿನ ಕುದುರೆ ಎರಡು ಸಂಗತಿ ಸೇರಿ ಹುಟ್ಟುತ್ತೆ. ಒಂದು ಟಾರ್ಕು, ಅಂದರೆ ನಟ್ಟು ಬಿಚ್ಚುವಾಗ ಸ್ಪ್ಯಾನರಿಗೆ ಹಾಕ್ತೀವಲ್ಲ, ಆ ತಿರುಚುವ ಬಲ. ಇನ್ನೊಂದು, ನಿಮಿಷಕ್ಕೆ ಇಂಜಿನ್ ಎಷ್ಟು ಸುತ್ತು ತಿರುಗುತ್ತೆ ಅನ್ನೋದು. ಎರಡನ್ನೂ ಗುಣಿಸಿದರೆ ಕುದುರೆ. ಹಾಗಾಗಿ ಬಲ ಸಣ್ಣದಿದ್ದರೂ ಪರವಾಗಿಲ್ಲ, ಇಂಜಿನ್ನನ್ನು ಹುಚ್ಚೆದ್ದು ತಿರುಗಿಸಿಬಿಟ್ಟರೆ ಕಾಗದದ ಮೇಲೆ ದೊಡ್ಡ ನಂಬರು ಬಂದೇ ಬರುತ್ತೆ! ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗೋದು ಆ ತುತ್ತತುದಿಯ ಒಂದು ಕ್ಷಣದ ನಂಬರು. ಯಾವ ಸುತ್ತಿನಲ್ಲಿ ಅನ್ನೋದು ಪಕ್ಕದಲ್ಲೇ ಇರುತ್ತೆ, ಇರುವೆ ಗಾತ್ರದ ಅಕ್ಷರದಲ್ಲಿ.

ಚಾರ್ಮಾಡಿ ಘಾಟಿಯಲ್ಲಿ ಇದನ್ನು ಮೈಮೇಲೆ ಅನುಭವಿಸಿದೆ. ಗೆಳೆಯನೊಬ್ಬನ ಬಳಿ ತಮ್ಮ ನೋಡಿಟ್ಟ ಥರದ್ದೇ ನಾಲ್ಕು ಸಿಲಿಂಡರಿನ ಗಾಡಿ ಇತ್ತು. ಇನ್ನೊಬ್ಬ ಹೊಸ ಬುಲೆಟ್ ೩೫೦ ತಂದಿದ್ದ. ಅದರದು ೨೦ ಕುದುರೆ. ಉಜಿರೆಯಿಂದ ಹೊರಟು ಮೇಲಕ್ಕೆ ಕೊಟ್ಟಿಗೆಹಾರ, ಅಲ್ಲಿ ನೀರುದೋಸೆ. ಗಾಡಿ ಬದಲಾಯಿಸಿಕೊಂಡು ಹತ್ತಿದೆವು. ದೊಡ್ಡ ಗಾಡಿ ನನ್ನ ಕೈಗೆ ಬಂತು. ಎದೆ ಡವಡವ! ಆದರೆ ಹೇರ್‌ಪಿನ್ ತಿರುವಿನಲ್ಲಿ ಮೂವತ್ತರ ವೇಗ, ಎದುರಿಗೆ ಮಂಗಳೂರು ಕಡೆಯ ಲಾರಿ, ರಸ್ತೆ ಒದ್ದೆ. ಮುಳ್ಳು ನಾಲ್ಕು ಸಾವಿರ ಸುತ್ತಿನ ಹತ್ತಿರ ಆಡ್ತಾ ಇದೆ. ಆ ಗಾಡಿಯ ತೊಂಬತ್ತು ಕುದುರೆ ಏಳೋದು ಹನ್ನೆರಡು ಸಾವಿರದ ಹತ್ತಿರ. ಎರಡನೇ ಗೇರಿನಲ್ಲಿ ಅಲ್ಲಿಗೆ ಮುಟ್ಟೋ ಹೊತ್ತಿಗೆ ವೇಗ ನೂರು ದಾಟಿರುತ್ತೆ. ಚಾರ್ಮಾಡಿಯಲ್ಲಿ ನೂರು? ಕಣಿವೆಯಲ್ಲಿ ಹುಡುಕಬೇಕಾಗುತ್ತೆ ನಮ್ಮನ್ನ. ನಾಲ್ಕು ಸಾವಿರದಲ್ಲಿ ಎದ್ದು ನಿಂತದ್ದು ಮೂವತ್ತು ಕುದುರೆಯೂ ಇಲ್ಲ. ಉಳಿದವು ಲಾಯದಲ್ಲಿ ಗೊರಕೆ.

ಬುಲೆಟ್ಟಿನ ಗರಿಷ್ಠ ಟಾರ್ಕು ಸಿಗೋದೇ ನಾಲ್ಕು ಸಾವಿರದಲ್ಲಿ. ಆ ಹೊತ್ತಿಗೆ ಅದರ ಇಪ್ಪತ್ತರಲ್ಲಿ ಹದಿನೈದು ಎಚ್ಚರವಾಗಿರುತ್ತವೆ. ನನ್ನ ಹಿಂದೆಯೇ ದುಗುದುಗು ಅಂತ ಬಂದು ಕೊಟ್ಟಿಗೆಹಾರದಲ್ಲಿ ಜೊತೆಗೇ ನಿಂತ. ಸೋಲಿಸಿದ ಅಂತ ನಾನು ಹೇಳೋಲ್ಲ. ನೇರ ರಸ್ತೆ ಸಿಕ್ಕ ಎರಡು ಕಡೆ ಕಿವಿ ಹಿಂಡಿದಾಗ ದೊಡ್ಡ ಗಾಡಿ ಹಾರಿತು, ಅದರ ಕಿರುಚಾಟಕ್ಕೆ ಮೈ ಜುಂ ಅಂದಿದ್ದೂ ನಿಜ. ಆದರೆ ನಾಲ್ಕೂವರೆ ಪಟ್ಟು ಕುದುರೆಗೆ ನಾಲ್ಕೂವರೆ ಪಟ್ಟು ಬೈಕು ಸಿಗಲಿಲ್ಲ.

ಹಳೆಯ ಕಥೆಯೂ ಇದೆ. ೧೯೮೩ರಲ್ಲಿ ಎಸ್ಕಾರ್ಟ್ಸ್‌ನವರು ಯಮಹಾ ಆರ್.ಡಿ. ೩೫೦ ಗಾಡಿಯನ್ನು ರಾಜದೂತ್ ೩೫೦ ಅಂತ ನಮ್ಮಲ್ಲಿ ಇಳಿಸಿದರು. ಜಪಾನಿನಲ್ಲಿ ೩೯ ಕುದುರೆ ಇದ್ದದ್ದು ಇಲ್ಲಿಗೆ ಬರುವಾಗ ಮೂವತ್ತೂವರೆ. ಪೆಟ್ರೋಲ್ ಉಳಿಸೋಕೆ ಅಂತ ಆಮೇಲೆ ಅದನ್ನೂ ತಗ್ಗಿಸಿ ೨೭ರ ಇನ್ನೊಂದು ಮಾದರಿ. ಕುದುರೆ ಎಷ್ಟು ಕಡಿಮೆ ಆಯ್ತು ಅಂತ ಇವತ್ತಿಗೂ ಕಟ್ಟೆ ಮೇಲೆ ಜಗಳ ಆಡ್ತಾರೆ. ಜಪಾನೀ ಗಾಡಿಯ ಮುಂದಿನ ಚಕ್ರಕ್ಕಿದ್ದ ಡಿಸ್ಕ್ ಬ್ರೇಕು ನಮ್ಮದಕ್ಕೆ ಬರಲಿಲ್ಲ, ಡ್ರಮ್ ಬಂತು. ಅದರ ಬಗ್ಗೆ ಜಗಳ ಆಡಿದವರನ್ನು ನಾನು ಕಂಡಿಲ್ಲ. ಓಡಿಸೋನಿಗೆ ಯಾವುದು ಮುಖ್ಯ? ನೀವೇ ಹೇಳಿ.

ಈಗ ಹಯಬುಸಕ್ಕೆ ಬನ್ನಿ. ಹಳೆಯದರಲ್ಲಿ ೧೯೭ ಕುದುರೆ ಇತ್ತು. ೨೦೨೧ರ ಹೊಸ ಮಾದರಿಯಲ್ಲಿ ೧೯೦! ಯೂರೋಪಿನ ಹೊಗೆ ಕಾನೂನು ಬಿಗಿಯಾಯ್ತು ಅಂತ ಇಳಿಸಿದರು. ಅಭಿಮಾನಿಗಳ ಎದೆ ಒಡೆಯಿತು. ಆದರೆ ಸುಜುಕಿಯವರು ಕೆಳಗಿನ, ನಡುವಿನ ಸುತ್ತುಗಳಲ್ಲಿ ಟಾರ್ಕು ಏರಿಸಿದ್ದರು. ಇದುವರೆಗಿನ ಹಯಬುಸಗಳಲ್ಲಿ ಬೇಗ ವೇಗ ಹಿಡಿಯೋದು ಇದೇ ಅಂತ ಅವರೇ ಸಾರಿದರು. ನಂಬರು ಇಳೀತು, ಪಿಕಪ್ಪು ಏರಿತು.

ಇನ್ನೊಂದು ತಮಾಷೆ. ಗಾಡಿ ೨೬೪ ಕಿಲೋ, ಮೇಲೆ ಕೂತ ನಾವು ಎಪ್ಪತ್ತೈದು. ಅರವತ್ತರ ವೇಗದಲ್ಲಿ ಸುಮಾರು ಎಂಬತ್ತು ಕುದುರೆಗಿಂತ ಹೆಚ್ಚು ಹಿಂದಿನ ಚಕ್ರಕ್ಕೆ ಬಿಟ್ಟರೆ ಮುಂದಿನ ಚಕ್ರ ಆಕಾಶ ನೋಡುತ್ತೆ. ಗಾಡಿಯೊಳಗಿನ ಕಂಪ್ಯೂಟರ್ರೇ ಕೈ ಹಿಡಿದು ನಿಲ್ಲಿಸುತ್ತೆ. ಅಂದರೆ ಸಿಟಿಯ ವೇಗದಲ್ಲಿ ನೂರಕ್ಕೂ ಹೆಚ್ಚು ಕುದುರೆಗೆ ದಂಡವಾಗಿ ಹುಲ್ಲು ಹಾಕಿದ ಹಾಗೆ! ಮೇಲಾಗಿ ಬೆಂಗಳೂರು ಸಮುದ್ರಮಟ್ಟದಿಂದ ೯೦೦ ಮೀಟರಿಗಿಂತ ಮೇಲಿದೆ. ಗಾಳಿ ತೆಳುವು. ಟರ್ಬೋ ಇಲ್ಲದ ಯಾವ ಇಂಜಿನ್ನಾದರೂ ಇಲ್ಲಿ ಹತ್ತರಲ್ಲಿ ಒಂದು ಪಾಲು ಶಕ್ತಿ ಕಳಕೊಳ್ಳುತ್ತೆ. ಅದು ಸಾಲದು ಅಂತ ಗೇರ್‌ಬಾಕ್ಸು, ಚೈನು ಇನ್ನಷ್ಟು ತಿನ್ನುತ್ತವೆ. ಕಂಪನಿಯವರು ಹೇಳೋದು ಕ್ರ್ಯಾಂಕಿನಲ್ಲಿ ಅಳೆದ ಲೆಕ್ಕ, ರಸ್ತೆ ಮುಟ್ಟಿದ್ದಲ್ಲ.

ಹಾಗಾದರೆ ಹೆಚ್.ಪಿ. ಅನ್ನೋದು ಬರೀ ಸುಳ್ಳಾ? ಅಲ್ಲ. ಗಾಳಿಯನ್ನು ಸೀಳೋಕೆ ಅದೇ ಬೇಕು. ನೆಟ್ಟಗೆ ಕೂತು ಅರವತ್ತರಲ್ಲಿ ಹೋಗೋಕೆ ಮೂರು ನಾಲ್ಕು ಕುದುರೆ ಸಾಕು. ಆದರೆ ವೇಗ ಎರಡು ಪಟ್ಟಾದರೆ ಗಾಳಿಗೆ ತೆರಬೇಕಾದ ಕುದುರೆ ಎಂಟು ಪಟ್ಟು. ನೂರಿಪ್ಪತ್ತಕ್ಕೆ ಹತ್ತಿರ ಹತ್ತಿರ ಇಪ್ಪತ್ತು ಬೇಕು. ಮುನ್ನೂರರ ಕನಸಿಗೇ ನೂರತೊಂಬತ್ತು. ಆ ಕನಸನ್ನು ನನಸು ಮಾಡೋ ರಸ್ತೆ ಹಾಸನ ಜಿಲ್ಲೆಯಲ್ಲಿ ಎಲ್ಲಿದೆ ಅಂತ ತಮ್ಮನನ್ನು ಕೇಳಿದೆ. ಉತ್ತರ ಇಲ್ಲ. ಅಪ್ಪ ಇದೇ ರೋಡ್‌ಕಿಂಗ್ ಮೇಲೆ ಅವ್ವನನ್ನೂ ಅರ್ಧ ಮೂಟೆ ಅಕ್ಕಿಯನ್ನೂ ಹೇರಿಕೊಂಡು ಸಂತೆಯಿಂದ ಬರ್ತಿದ್ದದ್ದನ್ನು ಅವನೂ ನೋಡಿದ್ದಾನೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ೧೯೯೬ರಲ್ಲಿ ಮುಚ್ಚಿತು, ನಮ್ಮ ಗಾಡಿ ಇನ್ನೂ ನಡೀತಿದೆ.

ಬೇಡ ಅಂತ ಅವನಿಗೆ ನಾನು ಹೇಳಿಲ್ಲ. ಆಸೆ ಪಡೋ ವಯಸ್ಸು. ಆದರೆ ಸರ ಬಿಚ್ಚಿಸೋಕೆ ಮುಂಚೆ ಒಂದು ಕೆಲಸ ಮಾಡು ಅಂದೆ. ಮಾರೋನ ಹತ್ತಿರ ಗಾಡಿ ಇಸಕೊಂಡು ಬೆಳಗ್ಗೆ ಒಂಬತ್ತೂವರೆಗೆ ಹಾಸನ ಪೇಟೆಯಲ್ಲಿ ಸುತ್ತು. ಆಮೇಲೆ ಸಕಲೇಶಪುರ ದಾಟಿ ಘಾಟಿಗೆ ಇಳಿ. ಹಿಂದೆ ಒಬ್ಬರನ್ನು ಕೂರಿಸಿಕೋ. ಮುಳ್ಳು ಎಷ್ಟು ಸಾವಿರದಲ್ಲಿ ಆಡುತ್ತೆ ಅಂತ ನೋಡಿ ಚೀಟಿಯಲ್ಲಿ ಬರಕೋ. ಆ ಸುತ್ತಿನಲ್ಲಿ ಗಾಡಿ ಎಳೀತಾ ಇಲ್ವಾ ಅಂತ ನಿನ್ನ ಕೈಗೇ ಗೊತ್ತಾಗುತ್ತೆ. ಹಿಂದಿನ ಟಯರ್ ಒಂದಕ್ಕೆ ಎಷ್ಟು ಅಂತಾನೂ ಕೇಳು. ನಾನು ವಿಚಾರಿಸಿದೆ, ನನ್ನ ರೂಮಿನ ಎರಡು ತಿಂಗಳ ಬಾಡಿಗೆ.

“ಹಿಂದೆ ಯಾರನ್ನ ಕೂರಿಸಿಕೊಳ್ಳಲಿ?” ಅಂದ.

“ಅವ್ವನ್ನೇ ಕೂರಿಸಿಕೋ ಕಣೋ,” ಅಂದೆ.