ಶಾನುಭೋಗರ ಮೂತ್ರಕಟ್ಟು

ಮೈಸೂರಿನ ನಮ್ಮ ಚಿಕ್ಕಪ್ಪನ ಮನೆಯ ಗಂಡುಕೊತ್ತಿಗೆ ಶಾನುಭೋಗ ಎಂದು ಹೆಸರು. ಯಾರೇ ಕಾಗದಪತ್ರ ಹರಡಿಕೊಂಡು ಕೂತರೂ ಅದರ ಮೇಲೆ ಬಂದು ಮಲಗಿ, ತನ್ನ ರುಜುವಿಲ್ಲದೆ ಯಾವ ದಾಖಲೆಯೂ ಊರ್ಜಿತವಲ್ಲ ಎಂಬ ಠೀವಿಯಲ್ಲಿ ಕಣ್ಣು ಮುಚ್ಚುತ್ತಿತ್ತು. ಮನೆಮಂದಿಯನ್ನೆಲ್ಲ ಏಕವಚನದಲ್ಲಿ ಗದರುತ್ತಿದ್ದ ಚಿಕ್ಕಪ್ಪ ಅದಕ್ಕೆ ಮಾತ್ರ "ಶಾನುಭೋಗರೇ, ಸ್ವಲ್ಪ ಸರೀರಿ" ಎನ್ನುತ್ತಿದ್ದರು.

ಅಂಥ ಶಾನುಭೋಗರು ಒಂದು ಸಂಜೆ ಮರಳಿನ ಟ್ರೇಗೂ ಸೋಫಾದ ಅಡಿಗೂ ಅಲೆಯತೊಡಗಿದರು. ಕೆರೆಯುವುದು, ಕೂರುವುದು, ತಿಣುಕುವುದು, ಏಳುವುದು. ಮರಳು ಮಾತ್ರ ಒಣಗಿದ್ದು ಒಣಗಿದ ಹಾಗೇ. ಚಿಕ್ಕಮ್ಮ "ಹೊಟ್ಟೆ ಕಟ್ಟಿದೆ, ಹರಳೆಣ್ಣೆ ಕುಡಿಸೋಣ" ಎಂದರು. ಪಕ್ಕದ ಮನೆಯಿಂದ ಬಾರ್ಲಿ ನೀರಿನ ಸಲಹೆ ಬಂತು. ಚಿಕ್ಕಪ್ಪ ಬಹಳ ಹೊತ್ತು ನೋಡುತ್ತ ನಿಂತಿದ್ದು, "ಅದಲ್ಲ ಕಣೇ, ಉಚ್ಚೆ ಕಟ್ಟಿದೆ" ಎಂದರು. ಅಷ್ಟು ಖಚಿತವಾಗಿ ಹೇಗೆ ಹೇಳಿದರೆಂದು ಆಗ ಯಾರೂ ಕೇಳಲಿಲ್ಲ.

ಪಶುವೈದ್ಯರು ಹೊಟ್ಟೆಯ ಮೇಲೆ ಕೈಯಾಡಿಸಿದರು. ಮೂತ್ರಕೋಶ ಮೂಸಂಬಿಯಂತೆ ಗಟ್ಟಿಯಾಗಿತ್ತು. ಗಂಡುಬೆಕ್ಕಿನ ಮೂತ್ರನಾಳ ಉದ್ದ, ತುದಿಯಲ್ಲಿ ಸುಮಾರು 1 ಮಿಲಿಮೀಟರಿನಷ್ಟೇ ಅಗಲ. ಲೋಳೆಯೂ ಹರಳಿನ ಪುಡಿಯೂ ಕೂಡಿ ಬಿರಡೆಯಾದರೆ ದಾರಿ ಬಂದ್. ಹೆಣ್ಣಿಗೆ ನಾಳ ಗಿಡ್ಡ, ಅಗಲ. ಹೀಗೆ ಕಟ್ಟುವುದು ಅಪರೂಪ. "ಗಂಡುಜನ್ಮವೇ ಇಷ್ಟು" ಎಂದು ಚಿಕ್ಕಪ್ಪ ನಿಟ್ಟುಸಿರಿಟ್ಟರು. ಪೂರ್ತಿ ಕಟ್ಟಿಕೊಂಡರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ, ಹೃದಯದ ಬಡಿತ ತಪ್ಪಿ, ಒಂದೆರಡು ದಿನದಲ್ಲೇ ಜೀವ ಹೋಗಬಹುದು ಎಂದಾಗ ಮಾತ್ರ ಯಾರೂ ನಗಲಿಲ್ಲ. ಮತ್ತು ಬರಿಸಿ, ಸಪೂರ ನಳಿಕೆ ತೂರಿಸಿ, ಸಲೈನ್ ಬಿಟ್ಟು ಬಿರಡೆ ಸಡಿಲಿಸಿದರು. ನಳಿಕೆಯ ಇನ್ನೊಂದು ತುದಿಯಲ್ಲಿ ಕೆಂಪು ಬೆರೆತ ಮೂತ್ರ ತೊಟ್ಟಿಕ್ಕಿತು, ಆಮೇಲೆ ಧಾರೆಯಾಯಿತು. "ಉಸ್ಸಪ್ಪಾ" ಎಂದದ್ದು ಚಿಕ್ಕಪ್ಪ.

ಮತ್ತೆ ಕಟ್ಟುವ ಭಯವಿದ್ದುದರಿಂದ ನಳಿಕೆ ಒಳಗೇ ಇತ್ತು, ಡ್ರಿಪ್ಪೂ ಏರಿತು. ಮನೆಗೆ ಬಂದ ಶಾನುಭೋಗರ ಕೊರಳಿಗೆ ಪ್ಲಾಸ್ಟಿಕ್ ಆಲಿಕೆ. ಬಾಗಿಲ ಚೌಕಟ್ಟಿಗೆಲ್ಲ ಡಿಕ್ಕಿ ಹೊಡೆಯುತ್ತ ಅಧಿಕಾರ ಕಳೆದುಕೊಂಡವರ ಹಾಗೆ ಓಡಾಡಿದರು. ನೀರು ಹೆಚ್ಚು ಕುಡಿಸಬೇಕೆಂದು ಅಪ್ಪಣೆಯಾಗಿತ್ತು. ಬೆಕ್ಕಿನ ಪೂರ್ವಿಕರು ಮರುಭೂಮಿಯ ಸೀಮೆಯವರು. ಬೇಟೆಯ ಮಾಂಸದಲ್ಲಿದ್ದ ನೀರಿನಲ್ಲೇ ಬಾಳಿದವರು. ಅಂಗಡಿಯ ಒಣ ಕಾಳಿನಲ್ಲಿ ನೀರು ನೂರಕ್ಕೆ ಹತ್ತರಷ್ಟೇ. ಚಿಕ್ಕಪ್ಪ ಕೋಣೆಗೊಂದು ಬಟ್ಟಲಿಟ್ಟು, ಮೀನಿನ ತಿಳಿ ಬೆರೆಸಿದ ಅನ್ನ ಕಲೆಸಿ, "ಕುಡೀರಿ, ಸಂಕೋಚ ಬೇಡ" ಎಂದು ಮುಂದೆ ಕೂತಿರುತ್ತಿದ್ದರು. ಸಸ್ಯಾಹಾರಿ ಮನೆಯೊಳಗೆ ಮೀನು ಬಂದದ್ದು ಹಾಗೆ.

ಮುಂದಿನ ಮಳೆಗಾಲದಲ್ಲಿ ಚಿಕ್ಕಪ್ಪನನ್ನೇ ಆಸ್ಪತ್ರೆಗೆ ಸೇರಿಸಬೇಕಾಯಿತು. ಪ್ರಾಸ್ಟೇಟ್. ವರ್ಷಗಟ್ಟಲೆ ಸರಿರಾತ್ರಿ ಎದ್ದು, ಒಳಗಿನ ತಿಣುಕಾಟ ಯಾರಿಗೂ ಕೇಳದಿರಲೆಂದು ಬಚ್ಚಲಿನ ನಲ್ಲಿ ತಿರುಗಿಸಿಟ್ಟು ನಿಲ್ಲುತ್ತಿದ್ದರಂತೆ. ಯಾಕೆ ಹೇಳಲಿಲ್ಲವೆಂದರೆ, "ಹೇಳೋ ಅಂಥ ವಿಷಯವೇನೋ ಅದು?" ಎಂದರು. ಶಾನುಭೋಗರಾದರೂ ಎಲ್ಲರೆದುರು ಅಲೆದು ಅರ್ಜಿ ಸಲ್ಲಿಸಿದ್ದರು. ಇವರು ಅದನ್ನೂ ಮಾಡಲಿಲ್ಲ. ಮೂತ್ರದ ನಳಿಕೆ, ಚೀಲ ತೂಗಿಸಿಕೊಂಡು ಚಿಕ್ಕಪ್ಪ ಮನೆಗೆ ಬಂದ ದಿನ ಕೊತ್ತಿ ಆ ನಳಿಕೆಯನ್ನು ಮೂಸಿ, ಮುಖ ಎತ್ತಿ ಅವರನ್ನು ನೋಡಿ, ಕಾಲ ಬುಡದಲ್ಲೇ ಮಲಗಿಬಿಟ್ಟಿತು.

ಚಿಕ್ಕಪ್ಪ ಈಗಿಲ್ಲ. ಬಟ್ಟಲುಗಳಿಗೆ ನೀರು ತುಂಬುವ ಕೆಲಸ ಚಿಕ್ಕಮ್ಮನದು.

ನಿಮ್ಮ ಮನೆಯ ಗಂಡುಬೆಕ್ಕು ಮತ್ತೆ ಮತ್ತೆ ಮರಳಿಗೆ ಹೋಗಿ ಬರಿದೇ ಮರಳಿದರೆ ಬೆಳಗಾಗಲಿ ಎಂದು ಕಾಯಬೇಡಿ. ಹೊಟ್ಟೆ ಒತ್ತಬೇಡಿ; ನೋವಿಗೆಂದು ನಮ್ಮ ಪ್ಯಾರಾಸಿಟಮಾಲ್ ಕೊಡಬೇಡಿ, ಬೆಕ್ಕಿಗೆ ಅದು ವಿಷ. ಆಗಿಂದಾಗಲೇ ಪಶುವೈದ್ಯರಲ್ಲಿಗೆ ಒಯ್ಯಿರಿ. ಹಾಗೆಯೇ, ರಾತ್ರಿ ಬಚ್ಚಲಲ್ಲಿ ನಲ್ಲಿ ಬಹಳ ಹೊತ್ತು ಸುರಿಯುತ್ತಿದ್ದರೆ, ಒಳಗಿರುವವರನ್ನೂ ಒಮ್ಮೆ ವಿಚಾರಿಸಿ.