ನಷ್ಟ ತುಂಬಿದರೆ ಸಾಕೇ?

ಆನೇಕಲ್ ಪೇಟೆಯಲ್ಲಿ ನೀವು ಕೊಂಡ ಕುಕ್ಕರ್ ಮೂರೇ ದಿನಕ್ಕೆ ಕೆಟ್ಟಿತು ಎಂದುಕೊಳ್ಳಿ. ಹಣ ವಾಪಸು ಬಂದರೆ ನಿಮ್ಮ ನಷ್ಟ ತೀರಿತು. ಆದರೆ ಕಳಪೆಯೆಂದು ಗೊತ್ತಿದ್ದೂ ಕಂಪೆನಿ ಅದನ್ನು ಸಾವಿರ ಮನೆಗಳಿಗೆ ಮಾರಿದ್ದರೆ? ಜಿಗಣಿ, ಬೊಮ್ಮಸಂದ್ರದ ಕಾರ್ಖಾನೆಗಳಿಗೆ ದುಡಿಯಲು ಹೋಗುವ ತಾಯಂದಿರಿಗೆ ದೂರು ಹಿಡಿದು ಅಲೆಯಲು ಪುರುಸೊತ್ತೆಲ್ಲಿ? ಹತ್ತು ಮಂದಿಗೆ ಹಣ ಮರಳಿಸಿದರೂ ಉಳಿದದ್ದೆಲ್ಲ ಕಂಪೆನಿಗೆ ಲಾಭವೇ.

ಈ ಲೆಕ್ಕಾಚಾರವನ್ನು ಮುರಿಯಲೆಂದೇ ದಂಡನಾತ್ಮಕ ಪರಿಹಾರವಿದೆ. ನಷ್ಟ ತುಂಬಿಕೊಡುವುದರ ಜೊತೆಗೆ, ಮತ್ತೆ ಯಾರೂ ಇಂಥದಕ್ಕೆ ಕೈಹಾಕದಂತೆ ವಿಧಿಸುವ ಮೊತ್ತವಿದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 39ನೇ ಕಲಂ ಜಿಲ್ಲಾ ಗ್ರಾಹಕ ಆಯೋಗಕ್ಕೆ ಈ ಅಧಿಕಾರ ಕೊಟ್ಟಿದೆ. ಆದರೆ ದೂರಿನಲ್ಲೇ ಅದನ್ನು ಕೇಳಬೇಕು. ಕಾರಿನ ಪ್ರಕರಣವೊಂದರಲ್ಲಿ ಜನರಲ್ ಮೋಟಾರ್ಸ್ ಮೇಲೆ ವಿಧಿಸಿದ್ದ 25 ಲಕ್ಷ ರೂಪಾಯಿಯನ್ನು ಸುಪ್ರೀಂ ಕೋರ್ಟ್ 2014ರಲ್ಲಿ ರದ್ದುಪಡಿಸಿತು. ದೂರಿನಲ್ಲಿ ಆ ಬೇಡಿಕೆಯೇ ಇರಲಿಲ್ಲ, ಕಂಪೆನಿಗೆ ಉತ್ತರಿಸುವ ಅವಕಾಶವೂ ಸಿಕ್ಕಿರಲಿಲ್ಲ.

ಮದ್ರಸದಲ್ಲಿ ನಾನು ಕಲಿತ ಹದೀಸೊಂದು ನೆನಪಾಗುತ್ತದೆ. ಸಂತೆಯಲ್ಲಿ ಪ್ರವಾದಿಯವರು(ಸ) ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಒಳಗೆ ತೇವವಿತ್ತು. ಮಳೆಯಲ್ಲಿ ನೆನೆಯಿತೆಂದ ವ್ಯಾಪಾರಿ. ಜನರಿಗೆ ಕಾಣುವಂತೆ ಅದನ್ನು ಮೇಲಿಡಬಾರದಿತ್ತೇ ಎಂದು ಕೇಳಿ, ವಂಚಿಸುವವನು ನಮ್ಮವನಲ್ಲ ಎಂದು ಅವರು ಎಚ್ಚರಿಸಿದರು. ಯಾವ ಗ್ರಾಹಕನ ದೂರಿಗೂ ಅವರು ಕಾದಿರಲಿಲ್ಲ. ಮುಂದೆ ಕೊಳ್ಳುವವರೆಲ್ಲರ ಪರವಾಗಿ ಮಾತಾಡಿದ್ದರು.

ಬಿಲ್ಲನ್ನು ಜೋಪಾನವಾಗಿಡಿ. ದೂರು ಕೊಡಲು 2 ವರ್ಷ ಅವಧಿಯಿದೆ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ಸಹನೆಯನ್ನು ಇಸ್ಲಾಂ ಮೆಚ್ಚುತ್ತದೆ, ನಿಜ. ಆದರೆ ನಮ್ಮ ಮೌನದಿಂದ ನೆರೆಮನೆಯವಳಿಗೂ ಅದೇ ಮೋಸವಾದರೆ, ಅದನ್ನು ಸಹನೆ ಎನ್ನಲು ನನಗೆ ಮನಸ್ಸು ಬಾರದು.